ದನದ ಡಾಕ್ಟರ ದನಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಕಡೆಯ ಹೆಂಗಸರು ದನದ ಇಂಜೆಕ್ಷನ್ನನ್ನು ತಮ್ಮ ಮೈಗೆ ಚುಚ್ಚಿಸಿಕೊಳ್ಳಲು ಸಾಲುಗಟ್ಟಿ ನಿಂತದ್ದು ನನ್ನ ಬಾಯಿಂದ. ಚುಚ್ಚಿದವನು ಬೇರೆ ಇದ್ದಾನೆ, ಅವನಿಗೆ ಆ ಔಷಧ ಮಾರಿದವನು ಇನ್ನೊಬ್ಬನಿದ್ದಾನೆ. ಆದರೆ ಕರೆದವನು ನಾನು. ನನ್ನ ದನಿಯಲ್ಲಿ ಕರೆದಿದ್ದರೆ ಒಂದು ಕೋಳಿಯೂ ತಿರುಗಿ ನೋಡುತ್ತಿರಲಿಲ್ಲ. ನಾನು ಕರೆದದ್ದು ನಮ್ಮ ಹೋಬಳಿಯ ಪಶುವೈದ್ಯರ ದನಿಯಲ್ಲಿ.

ನನ್ನ ಕಸುಬು ಮಿಮಿಕ್ರಿ. ಆರ್ಕೆಸ್ಟ್ರಾದಲ್ಲಿ ಎರಡು ಹಾಡಿನ ನಡುವೆ, ಗಾಯಕಿ ನೀರು ಕುಡಿಯುವಷ್ಟು ಹೊತ್ತು ಜನರನ್ನು ನಗಿಸುವುದು. ಅದರಿಂದ ಹೊಟ್ಟೆ ತುಂಬುವುದಿಲ್ಲವಾದ್ದರಿಂದ ಮಿಕ್ಕ ದಿನ ಆಟೋಗೆ ಮೈಕು ಕಟ್ಟಿಕೊಂಡು ತಿ. ನರಸೀಪುರದ ಸುತ್ತಮುತ್ತ ಪ್ರಚಾರ ಮಾಡುತ್ತೇನೆ. ಚಪ್ಪಲಿ ಸೇಲು, ಕಣ್ಣಿನ ತಪಾಸಣೆ, ಕರೆಂಟು ನಿಲುಗಡೆ, ಕಳೆದುಹೋದ ಮೇಕೆ, ಏನಾದರೂ ಸರಿ. ಹೆಮ್ಮಿಗೆಯಲ್ಲಿ ನನ್ನನ್ನು ಸಾಕಿದ ದೊಡ್ಡಮ್ಮ ನನಗಿಟ್ಟ ಹೆಸರು ಮೈಕಾಸುರ.

ನಂಜನಗೂಡಿನ ಕಡೆಯಿಂದ ಬೈಕಿನಲ್ಲಿ ಬರುತ್ತಿದ್ದ ಒಬ್ಬ ಮನುಷ್ಯ ಮಂಡಿ ನೋವಿನ ಶಿಬಿರಕ್ಕೆ ಪ್ರಚಾರ ಮಾಡು ಎಂದ. ಬಿಳಿ ಕೋಟು, ಕೊರಳಲ್ಲಿ ಸ್ಟೆತಸ್ಕೋಪು. ಡಾಕ್ಟರಿಕೆ ಎಲ್ಲಿ ಓದಿದ್ದು ಎಂದು ನಾನು ಕೇಳಲಿಲ್ಲ. ಕೇಳಬೇಕಾದ ಬಾಯಿಯನ್ನೇ ಅವನಿಗೆ ಬಾಡಿಗೆಗೆ ಕೊಟ್ಟಾಗಿತ್ತು. ಗದ್ದೆಯಲ್ಲಿ ನಾಟಿ ಹಾಕಿ ಹಾಕಿ ಮಂಡಿ ಸವೆಸಿಕೊಂಡ ಹೆಂಗಸರಿಗೆ ಹತ್ತು ದಿನಕ್ಕೊಂದು ಸೂಜಿ, ನೋವು ಮಾಯ ಎಂದ. ಊರವರು ಅವನನ್ನು ಮಂಡಿ ಡಾಕ್ಟ್ರು ಎಂದರು. ನಾನು ಸೂಜಿಯವನು ಎಂದಷ್ಟೇ ಬರೆಯುತ್ತೇನೆ. ಡಾಕ್ಟರು ಎಂಬ ಮಾತನ್ನು ಈ ಬರಹದಲ್ಲಿ ಒಬ್ಬರಿಗೇ ಮೀಸಲಿಟ್ಟಿದ್ದೇನೆ.

ಆ ಡಾಕ್ಟರು ಕಾಲುಬಾಯಿ ಜ್ವರದ ಲಸಿಕೆ ಬಂದಾಗ ಯಾವ ಪ್ರಚಾರದವನನ್ನೂ ನಂಬದೆ ತಾವೇ ಆಟೋ ಹತ್ತಿ ಮೈಕು ಹಿಡಿಯುತ್ತಿದ್ದರು. ನೆಗಡಿ ಹಿಡಿದವರಂತೆ ಮೆಲ್ಲಗೆ ಶುರು, ನಡುವೆ ಒಂದು ಕೆಮ್ಮು, ಕೊನೆಗೆ ಗದರಿಕೆ. “ಕೇಳ್ರಪ್ಪಾ, ದನ ಇರೋರೆಲ್ಲಾ ಕೇಳ್ರಪ್ಪಾ. ನಾಳೆ ನಾಳಿದ್ದು ಅಂತ ಕೂತ್ಕೊಂಡ್ರೆ ಆಮೇಲೆ ನಿಮ್ಮ ಕೊಟ್ಟಿಗೆಗೆ ನಾನು ಬರಲ್ಲ.” ಬೈಸಿಕೊಂಡ ಜನ ಅದೇ ಖುಷಿಯಲ್ಲಿ ದನ ಹೊಡೆದುಕೊಂಡು ಬರುತ್ತಿದ್ದರು. ನಾನು ಅದನ್ನೇ ತಿರುಗಿಸಿದೆ. “ಕೇಳ್ರವ್ವಾ, ಮಂಡಿ ಇರೋರೆಲ್ಲಾ ಕೇಳ್ರವ್ವಾ.” ಆಟೋ ಓಡಿಸುವವನು ನಕ್ಕು ನಕ್ಕು ಹಳ್ಳಕ್ಕೆ ಇಳಿಸುವುದರಲ್ಲಿದ್ದ. ಎಲ್ಲರಿಗೂ ತಮಾಷೆ ಎಂದು ಗೊತ್ತಾಗುತ್ತದೆ ಎಂದುಕೊಂಡೆ. ನಮ್ಮೂರಲ್ಲಿ ಗೊತ್ತಾಯಿತು. ಮೂರೂರು ದಾಟಿದ ಮೇಲೆ ನನ್ನನ್ನು ಯಾರು ಬಲ್ಲರು? ಅಲ್ಲಿ ಕೇಳಿಸಿದ್ದು, ಎಮ್ಮೆಯ ಕರು ಅಡ್ಡ ತಿರುಗಿದಾಗ ತೋಳು ಪೂರ್ತಿ ಒಳಗೆ ಹಾಕಿ ಎಳೆದು ಎರಡು ಜೀವ ಉಳಿಸಿದವರ ದನಿ. ಮನುಷ್ಯರ ಡಾಕ್ಟರು ಕರೆದರೆ ನೂರು ಅನುಮಾನ ಪಡುವ ಜನ, ದನದ ಡಾಕ್ಟರು ಕರೆದರು ಎಂದು ಎದ್ದು ಹೊರಟರು.

ಕಳೆದ ತಿಂಗಳು ಡಾಕ್ಟರು ತೀರಿಕೊಂಡರು. ಸುದ್ದಿ ನಮ್ಮ ಹಾಲಿನ ಡೈರಿಯ ವಾಟ್ಸಾಪ್ ಗುಂಪಿನಲ್ಲಿ ಬಂತು. ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು. ಎಣಿಸುತ್ತಾ ಹೋದವನು ಒಂದರ ಮೇಲೆ ಬೆರಳು ನಿಲ್ಲಿಸಿದೆ. ಸೂಜಿಯವನು. ಶಿಬಿರದ ಕಾಲದಲ್ಲಿ ಸೇರಿಸಿಕೊಂಡಿದ್ದ ಅವನನ್ನು ಗುಂಪಿನಿಂದ ತೆಗೆಯಲು ಯಾರಿಗೂ ನೆನಪಾಗಿರಲಿಲ್ಲ. ಅವನ ಫೋಟೊದಲ್ಲಿ ಅದೇ ಬಿಳಿ ಕೋಟು. ಕೇಸು ಕೋರ್ಟಿನಲ್ಲಿದೆ, ಅವನು ಜಾಮೀನಿನಲ್ಲಿದ್ದಾನೆ, ಬೇರೆ ತಾಲ್ಲೂಕಿನಲ್ಲಿ ಬೆನ್ನು ನೋವಿಗೆ ಶಿಬಿರ ಮಾಡುತ್ತಿದ್ದಾನೆಂದು ಕೇಳಿದ್ದೇನೆ. ಆ ಮುಗಿದ ಕೈ ನೋಡಿ ಮೈ ಉರಿದುಹೋಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಶ್ರದ್ಧಾಂಜಲಿ ಎಂದು ಯಾರಾದರೂ ತಿಳಿದರೆ ಅದು ಅವರ ಒಳ್ಳೆಯತನ.

ಡಾಕ್ಟರು ಹೆಮ್ಮರಗಾಲದ ಕಡೆಯ ಬೇಸಾಯದ ಮನೆಯವರು. ಓದಿದ ಮೇಲೂ ಮಾತು ಬದಲಾಯಿಸಿಕೊಳ್ಳಲಿಲ್ಲ. ಸ್ಕೂಟರಿನ ಹಿಂದೆ ಲಸಿಕೆಯ ಐಸ್ ಡಬ್ಬಿ, ಮುಂದೆ ಹಗ್ಗದ ಸುರುಳಿ. ಹಸುವಿನ ಹತ್ತಿರ ಹೋದರೆ ದನಿ ಬೆಣ್ಣೆ: “ಬಾ ತಾಯಿ, ತಿರುಗು ತಾಯಿ.” ಹಸು ಹಿಡಿದವನ ಕಡೆ ತಿರುಗಿದರೆ ಮುಖ ಬೇರೆ: “ಹಗ್ಗ ಹಿಡ್ಕೊಳಯ್ಯಾ, ಫೋನ್ ಆಮೇಲೆ ನೋಡುವಂತೆ.” ಇಂಜೆಕ್ಷನ್ ಕೊಟ್ಟ ಮೇಲೆ ಖಾಲಿ ಬಾಟಲಿಯನ್ನು ಯಾರ ಮನೆಯಲ್ಲೂ ಬಿಟ್ಟು ಬರುತ್ತಿರಲಿಲ್ಲ. ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಮಕ್ಕಳು ಆಡಿಕೊಳ್ಳಲು ಕೇಳಿದರೂ ಇಲ್ಲ. ಒಂದು ಸಲ ಡೈರಿ ಕಟ್ಟೆಯ ಮೇಲೆ ಕೂತು ಕರ್ಚೀಫು ತೆಗೆಯಲು ಹೋಗಿ ಜೇಬಿನಿಂದ ಬಾಟಲಿಗಳನ್ನು ಉರುಳಿಸಿದರು. ನಾನು ಡಾಕ್ಟ್ರು ಮೊಟ್ಟೆ ಇಟ್ರು ಎಂದೆ. ಅವರಿಗೂ ನಗು ಬಂತು, ಆದರೆ ಎಲ್ಲವನ್ನೂ ಹೆಕ್ಕಿಕೊಳ್ಳುವ ತನಕ ನಗಲಿಲ್ಲ.

ಅವರಿಗೆ ಸಿಟ್ಟು ಬರುತ್ತಿದ್ದದ್ದು ಒಂದೇ ಬೇಡಿಕೆಗೆ. ಹಸುವಿಗೆ ಸೂಜಿ ಹಾಕಿ ಕೈ ತೊಳೆಯುತ್ತಿದ್ದಾಗ ಮನೆಯ ಮುದುಕಿಯೋ ಮುದುಕನೋ ಹತ್ತಿರ ಬಂದು, ಅದರಲ್ಲೇ ಒಂದು ಚೂರು ನನಗೂ ಹಾಕಿಬಿಡಿ ಸಾ, ಸೊಂಟ ಹಿಡಿದುಬಿಟ್ಟಿದೆ ಎನ್ನುವುದು. ಕೇಳಿದವರು ಬಡವರು, ನಿಜಕ್ಕೂ ನೋವಿದ್ದವರು, ಅವರ ಮೇಲೆ ಕೂಗಾಡುವಂತಿಲ್ಲ. ಆ ಸಿಟ್ಟನ್ನೆಲ್ಲ ಸೋಪಿನ ಮೇಲೆ ತೀರಿಸಿಕೊಂಡು ಮೊಣಕೈವರೆಗೆ ಎರಡು ಸಲ ತೊಳೆಯುತ್ತಿದ್ದರು. ಕೊರೊನಾ ಕಾಲದಲ್ಲಿ ದನದ ಹುಳುವಿನ ಔಷಧ ಕುಡಿದು ವಾಂತಿ ಮಾಡಿಕೊಂಡ ಒಬ್ಬನನ್ನು ತಮ್ಮ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಸೇರಿಸಿದ್ದರು. ದಾರಿಯುದ್ದಕ್ಕೂ ಬೈದರಂತೆ. ಅವನು ಈಗಲೂ ಹೇಳುತ್ತಾನೆ, ವಾಂತಿಗಿಂತ ಬೈಗುಳಕ್ಕೆ ಸುಸ್ತಾಗಿದ್ದೆ ಎಂದು.

ನರಸೀಪುರದ ಜಿಮ್ಮಿನ ಒಬ್ಬ ಪೈಲ್ವಾನ ಕುದುರೆಗೆ ಕೊಡುವ ಶಕ್ತಿಯ ಇಂಜೆಕ್ಷನ್ ಬೇಕೆಂದು ಪಶು ಆಸ್ಪತ್ರೆಗೇ ಹೋಗಿದ್ದ. ಕುದುರೆಗೆ ಅಷ್ಟೊಂದು ಕಟ್ಟುಮಸ್ತು ಬರುತ್ತದಲ್ಲ ಎಂದು ವಾದಿಸಿದನಂತೆ. ಡಾಕ್ಟರು ಅವನನ್ನು ಸುತ್ತಿ ಬಂದು ನೋಡಿ, “ಬರ್ತದೆ ನಿಜ. ಆದ್ರೆ ಕುದುರೆ ಕನ್ನಡಿ ನೋಡ್ಕೊಳಲ್ಲ ಕಣಪ್ಪ” ಎಂದು ಕಳಿಸಿದರು.

ಡೈರಿಯ ವಾರ್ಷಿಕ ಸಭೆಯಲ್ಲಿ ಅವರ ಎದುರೇ ಅವರ ಮಿಮಿಕ್ರಿ ಮಾಡಿದ್ದೆ. ಸಭೆ ಬಿದ್ದು ಬಿದ್ದು ನಕ್ಕಿತು. ಮುಗಿದ ಮೇಲೆ ಹೆದರುತ್ತಲೇ ಹತ್ತಿರ ಹೋದೆ. ಪರೀಕ್ಷೆ ಪೇಪರು ತಿದ್ದುವವರಂತೆ ಹೇಳಿದರು: “ಬೈಗುಳ ಸರಿಯಾಗದೆ. ಆದ್ರೆ ಆ ಕೆಮ್ಮು ನಂದಲ್ಲ, ನಮ್ಮ ಕಾಂಪೌಂಡರ್ದು.”

ನಾನು ಅವರ ದನಿ ಕದ್ದದ್ದು ಅವರಿಗೆ ತಿಳಿಯಲು ನಾಲ್ಕು ತಿಂಗಳು ಬೇಕಾಯಿತು.

ಅಷ್ಟರಲ್ಲಿ ದೊಡ್ಡಮ್ಮ ಮೈ ತುಂಬಿಕೊಂಡಿದ್ದಳು. ಅವಳು ಮೈಕು ನಂಬಿ ಹೋದವಳಲ್ಲ. “ನಿನ್ನ ಪುರಾಣ ಕೇಳಿ ಓಗಿಲ್ಲ ಕಣ್ಲಾ, ಪಕ್ಕದ ಮನೆಯವ್ಳು ಸಲೀಸಾಗಿ ಕುಂತು ಏಳದ ನೋಡಿ ಓದೆ” ಎಂದಿದ್ದಳು. ಮೊದಲ ಸೂಜಿಗೇ ಮಂಡಿ ಹಗುರವಾಯಿತು. ಆಮೇಲೆ ಹಸಿವು ಹೆಚ್ಚಿತು. ಒಣಗಿದ್ದ ಕೆನ್ನೆ ಉಬ್ಬಿತು. ಮುಖ ಹುಣ್ಣಿಮೆಯಾಯಿತು. ನಾಟಿಗೆ ಹೋದ ಕಡೆಯೆಲ್ಲ ಏನವ್ವಾ ತುಂಬ್ಕಂಡಿದ್ದೀಯಲ್ಲ ಎಂದು ಕೇಳುವವರೇ. ಹುಟ್ಟಿದಾಗಿನಿಂದ ಯಾರೂ ಅವಳಿಗೆ ಆ ಮಾತು ಹೇಳಿರಲಿಲ್ಲ. ಗೋಡೆಯಲ್ಲಿನ ಬುದ್ಧನ ಫೋಟೊದ ಗಾಜಿನಲ್ಲಿ ಮುಖ ನೋಡಿಕೊಳ್ಳುವುದನ್ನು ನಾನೇ ಕಂಡಿದ್ದೇನೆ. ಅವಳ ಕೈಕಾಲು ಮಾತ್ರ ಕಡ್ಡಿಯಾಗುತ್ತಿತ್ತು, ಮುಟ್ಟಿದಲ್ಲಿ ಚರ್ಮ ನೀಲಿಗಟ್ಟುತ್ತಿತ್ತು. ಅದನ್ನೂ ಕಂಡಿದ್ದೇನೆ. ಮಿಮಿಕ್ರಿಯವನಿಗೆ ಕಣ್ಣು ಚುರುಕು ಎನ್ನುತ್ತಾರೆ. ಕಂಡದ್ದನ್ನೆಲ್ಲ ನಾನು ನಗೆಗೆ ಬಳಸಿಕೊಂಡೆ. ದೊಡ್ಡಮ್ಮನನ್ನು ಬಲೂನು ಎಂದು ಕರೆಯುತ್ತಿದ್ದೆ.

ನಮ್ಮ ಹಸುವಿಗೆ ಕೆಚ್ಚಲು ಬಾವು ಬಂದು ಡಾಕ್ಟರು ಮನೆಗೆ ಬಂದರು. ಹಸು ನೋಡಲು ಬಂದವರು ಹಸು ಬಿಟ್ಟು ದೊಡ್ಡಮ್ಮನನ್ನೇ ನೋಡಿದರು. ಕತ್ತು ತಿರುಗಿಸು ಎಂದರು, ಹಿಂಗತ್ತಿನ ಮೇಲೆ ಎದ್ದಿದ್ದ ಕೊಬ್ಬಿನ ದಿಂಡು ನೋಡಿದರು, ಎಷ್ಟು ದಿನದಿಂದ ಎಂದು ಕೇಳಿದರು. ದೊಡ್ಡಮ್ಮ ಏನೂ ಇಲ್ಲವೆಂದಳು. ಹಾಲಿನ ಕ್ಯಾನು ಹಿಡಿದು ನಿಂತಿದ್ದ ಪಕ್ಕದ ಮನೆಯ ಸೊಸೆ, ಮೂರೂರು ಆಚೆಯಿಂದ ಹೊಸದಾಗಿ ಬಂದವಳು, ನಕ್ಕಳು. “ಮಂಡಿ ಸೂಜಿ ಸಾ. ನೀವೇ ಮೈಕಲ್ಲಿ ಕರ್ದಿದ್ರಲ್ಲಾ?”

ಡಾಕ್ಟರು ನನ್ನ ಕಡೆ ತಿರುಗಿದರು. ಬೈಯಲಿಲ್ಲ. ದೊಡ್ಡಮ್ಮನಿಗೆ ಇನ್ನು ಆ ಸೂಜಿ ಮುಟ್ಟಬೇಡ ಎಂದು ಖಡಾಖಂಡಿತ ಹೇಳಿ, ನನ್ನನ್ನು ಸ್ಕೂಟರು ಹತ್ತಿಸಿಕೊಂಡು ಶಿಬಿರ ನಡೆಯುತ್ತಿದ್ದ ಮನೆಯ ಹಿತ್ತಲಿಗೆ ಹೋದರು. ಕಸದ ಗುಡ್ಡೆಯಲ್ಲಿ ಬಾಟಲಿಗಳಿದ್ದವು, ಎಲ್ಲದರ ಚೀಟಿ ಕೆರೆದುಹಾಕಿತ್ತು. ಅವರಿಗೆ ಚೀಟಿ ಬೇಕಿರಲಿಲ್ಲ. ಬಾಟಲಿಯ ಗಾತ್ರ ನೋಡಿಯೇ ಇದು ಮನುಷ್ಯರಿಗೆ ಮಾಡಿದ್ದಲ್ಲ ಎಂದರು. ಕೆದಕಿ ಕೆದಕಿ, ಚೀಟಿಯ ಒಂದು ಮೂಲೆ ಉಳಿದಿದ್ದ, ತಳದಲ್ಲಿ ಒಂದಿಷ್ಟು ಔಷಧವೂ ಉಳಿದಿದ್ದ ಬಾಟಲಿ ಹುಡುಕಿ ನನ್ನ ಕೈಗೆ ಕೊಟ್ಟರು.

“ಓದು.”

ಓದಿದೆ. ಪಶು ಚಿಕಿತ್ಸೆಗೆ ಮಾತ್ರ.

“ಯಾವ ದನಿ ಇದು?”

ನನಗೇ ಗೊತ್ತಾಗಲಿಲ್ಲ. ಹೆದರಿಕೆಯಲ್ಲಿ ಯಾವುದೋ ಹಳೆ ನಟನ ದನಿಯಲ್ಲಿ ಓದಿದ್ದೆ.

“ನಿಂದು ಅಂತ ಒಂದು ದನಿ ಇದ್ರೆ ಅದ್ರಲ್ಲಿ ಓದು.”

ಅದು ಹಸುವಿನ ಬಾವಿಗೆ, ಉಬ್ಬಸಕ್ಕೆ ಕೊಡುವ ಸ್ಟಿರಾಯ್ಡು. ನೋವನ್ನು ಅದು ನಿಜಕ್ಕೂ ಅಡಗಿಸುತ್ತದೆ. ಅದೇ ಅದರ ಮೋಸ. ಸೂಜಿಯವನು ಮನುಷ್ಯರ ಔಷಧದಂಗಡಿಯಲ್ಲಿ ಕೇಳಿದರೆ ಔಷಧ ಬರೆದುಕೊಟ್ಟ ಚೀಟಿ ಎಲ್ಲಿ ಎನ್ನುತ್ತಾರೆ. ದನದ ಹೆಸರಿನಲ್ಲಾದರೆ ಯಾರೋ ಒಬ್ಬ ಕೇಳದೆ ಕೊಡುತ್ತಿದ್ದ. ಅಷ್ಟೇ ಅವನ ವೈದ್ಯವಿದ್ಯೆ.

ಡಾಕ್ಟರು ವಿಚಾರಿಸುತ್ತಿದ್ದಾರೆ ಎಂಬ ವಾಸನೆ ಹಿಡಿದು ಸೂಜಿಯವನು ಆ ಸಲ ಬರಲಿಲ್ಲ. ದೊಡ್ಡಮ್ಮನ ಸೂಜಿ ನಿಂತಿತು. ನಾಲ್ಕೈದು ದಿನದಲ್ಲಿ ಅವಳು ವಾಂತಿ ಮಾಡಿಕೊಂಡು ಹಿತ್ತಲಲ್ಲಿ ಬಿದ್ದಳು. ಕೈ ಎತ್ತಲೂ ತ್ರಾಣವಿಲ್ಲ, ಬಿಪಿ ನೆಲ ಕಚ್ಚಿತ್ತು. ನರಸೀಪುರದಿಂದ ಮೈಸೂರಿನ ಒಂದು ಆಸ್ಪತ್ರೆಗೆ ಕಳಿಸಿದರು. ಅಲ್ಲಿ ರಕ್ತ ನೋಡಿದರು, ಸ್ಕ್ಯಾನ್ ಮಾಡಿದರು, ವಿಷ ಕುಡಿದಿದ್ದಾಳೆಯೇ ಎಂದು ಹೊಟ್ಟೆ ತೊಳೆಯುವ ಮಾತೂ ಬಂತು. ಚಿಕ್ಕ ವಯಸ್ಸಿನ ಮೇಡಂ ಒಬ್ಬರು ಏನು ಔಷಧ ತಗೊಂಡಿದ್ದೀರಿ ಎಂದು ಮತ್ತೆ ಮತ್ತೆ ಕೇಳಿದರು. ದೊಡ್ಡಮ್ಮ ಮತ್ತೆ ಮತ್ತೆ ಇಲ್ಲ ಎಂದಳು.

ಡಾಕ್ಟರು ಸ್ಕೂಟರಿನಲ್ಲೇ ಬಂದರು, ಕಾಲಲ್ಲಿ ಸಗಣಿ ಹತ್ತಿದ ಬೂಟು. ವಾರ್ಡಿನ ಬಾಗಿಲಲ್ಲಿ ತಡೆದವನಿಗೆ ಹಸು ನೋಡಲು ಬಂದವನು ಎಂದು ಹೇಳಿ ಒಳಗೆ ನುಗ್ಗಿದರು. ಮೇಡಂಗೆ ಹೇಳಿದ್ದು ಇಷ್ಟು: ಸ್ಟಿರಾಯ್ಡು ಸದಾ ಹೊರಗಿನಿಂದ ಬರುತ್ತಿದ್ದರೆ ಮೈಯೊಳಗೆ ಅಂಥದ್ದನ್ನು ತಯಾರಿಸುವ ಗ್ರಂಥಿ ಮಲಗಿಬಿಡುತ್ತದೆ, ಹೊರಗಿನದು ಇದ್ದಕ್ಕಿದ್ದಂತೆ ನಿಂತರೆ ಅದು ಏಳುವುದಿಲ್ಲ, ಮನುಷ್ಯ ಬೀಳುತ್ತಾನೆ. ಆ ಪರೀಕ್ಷೆ ಮಾಡಿ. ಮೇಡಂ, ರೋಗಿಯೇ ಇಲ್ಲ ಅನ್ನುತ್ತಿದ್ದಾರಲ್ಲ ಸರ್ ಎಂದರು. ಇಷ್ಟೆಲ್ಲ ಪರೀಕ್ಷೆ ಮಾಡಿದ್ದಾರೆ, ಇದ್ದರೆ ಅದರಲ್ಲಿ ತಾನಾಗಿಯೇ ಕಾಣಬೇಕಲ್ಲ ಎಂದು ನಾನು ಬಾಯಿ ಹಾಕಿದೆ. ಡಾಕ್ಟರು ನನ್ನ ಕಡೆ ಕೆಂಗಣ್ಣು ಬಿಟ್ಟರು. “ಲ್ಯಾಬು ಅಂದ್ರೆ ಕಣಿ ಹೇಳೋಳಲ್ಲ ಕಣಯ್ಯ. ಏನು ಹುಡುಕ್ಬೇಕು ಅಂತ ಹೇಳಿದ್ರೆ ಅದನ್ನ ಹುಡುಕ್ತದೆ. ಹೇಳ್ದೆ ಇದ್ರೆ ಇದ್ದಿದ್ದೂ ಇಲ್ಲ.”

ಆಮೇಲೆ ಮಂಚದ ಹತ್ತಿರ ಬಾಗಿ ದೊಡ್ಡಮ್ಮನನ್ನು ಕೇಳಿದರು. ಹಸುವಿನ ಜೊತೆ ಮಾತಾಡುವ ದನಿಯಲ್ಲಿ, ಯಾಕೆ ತಾಯಿ ಹೇಳ್ತಿಲ್ಲ ಎಂದು. ಅವಳು ನನ್ನ ಕಡೆ ನೋಡಿದಳು, ಅವರ ಕಿವಿಗೆ ಹೇಳಿದಳು. ನನಗೂ ಕೇಳಿಸಿತು.

“ಮೈಕಲ್ಲಿ ಕೂಗಿದ್ದು ಇವ್ನೇ, ನಮ್ ಐದ ಸಾ. ಪೊಲೀಸ್ನೋರು ಇಡ್ಕಂಡೋಯ್ತರೆ.”

ನಾಲ್ಕು ಊರಿಗೆ ಕೇಳುವಂತೆ ಕೂಗಿದ ಬಾಯಿಂದ, ಆ ಮೇಡಂ ಒಬ್ಬರ ಮುಂದೆ ಒಂದು ಮಾತು ಹೇಳಲು ನನಗೆ ಎಷ್ಟು ಹೊತ್ತು ಹಿಡಿಯಿತೋ. ಹೇಳಿದೆ. ಎಷ್ಟು ಸೂಜಿ, ಎಂದಿನಿಂದ, ಯಾವ ಬಾಟಲಿ, ಕರೆದವನು ಯಾರು. ಮೇಡಂ ಬರೆದುಕೊಂಡರು, ಆ ಪರೀಕ್ಷೆಗೆ ರಕ್ತ ತೆಗೆಸಿದರು, ಫಲಿತಾಂಶ ಬರುವ ಮೊದಲೇ ಮದ್ದು ಶುರು ಮಾಡಿದರು. ದೊಡ್ಡಮ್ಮನ ಗ್ರಂಥಿ ಸದ್ದಿಲ್ಲದೆ ಮಲಗಿತ್ತು, ಡಾಕ್ಟರು ಹೇಳಿದ ಹಾಗೇ. ಎರಡು ದಿನಕ್ಕೆ ಎದ್ದು ಕೂತು ನನಗೆ ಬೈದಳು. ಆ ಬೈಗುಳ ಕೇಳಿ ನಾನು ವರಾಂಡಕ್ಕೆ ಹೋಗಿ ಅತ್ತೆ.

ಡಾಕ್ಟರು ಬೆಂಚಿನ ಮೇಲೆ ಕೂತಿದ್ದರು. ತಪ್ಪು ನಂದೂ ಅದೆ ಎಂದರು. ಮುಟ್ಟಬೇಡ ಎಂದು ಹೇಳಿದೆ, ಆಸ್ಪತ್ರೆಗೆ ಹೋಗಿ ನಿಧಾನಕ್ಕೆ ಇಳಿಸಿಕೋ ಎಂದು ಹೇಳಲಿಲ್ಲ. ಸಿಟ್ಟಿನಲ್ಲಿ ಮರೆತೆ. ಹಸುವಾಗಿದ್ದರೆ ಮರೆಯುತ್ತಿರಲಿಲ್ಲ ಎಂದರು.

ದೊಡ್ಡಮ್ಮ ಉಳಿದಳು ಸರಿ, ಇನ್ನುಳಿದವರು? ಯಾವ ಹೆಂಗಸು ಯಾವಾಗ ಬೀಳುತ್ತಾಳೋ. ಎಲ್ಲರೂ ಬಂದು ತೋರಿಸಿಕೊಳ್ಳಬೇಕು, ಮೂತ್ರ ಕೊಡಬೇಕು, ಅದನ್ನು ದೊಡ್ಡ ಲ್ಯಾಬಿಗೆ ಕಳಿಸಬೇಕು. ಅಲ್ಲಿ ಒಂದು ಯಂತ್ರವಿದೆಯಂತೆ, ಮೂತ್ರದಲ್ಲಿ ಬೆರೆತದ್ದನ್ನು ಒಂದೊಂದಾಗಿ ಬಿಡಿಸಿ ತೂಗಿ ಇದು ಇಂಥದೇ ಎಂದು ಗುರುತು ಹಿಡಿಯುತ್ತದೆ. ಮೈಯಲ್ಲಿ ಸಿಕ್ಕಿದ್ದು, ಬಾಟಲಿಯಲ್ಲಿ ಸಿಕ್ಕಿದ್ದು ಎರಡೂ ಒಂದೇ ಎಂದಾದರೆ ಸೂಜಿಯವನು ತಪ್ಪಿಸಿಕೊಳ್ಳುವಂತಿಲ್ಲ. ಡಾಕ್ಟರು ನನ್ನನ್ನು ಅದೇ ಆಟೋಗೆ ಹತ್ತಿಸಿದರು. ಕರೆದ ಊರಿಗೆಲ್ಲ ಹೋಗಿ ಸ್ವಂತ ದನಿಯಲ್ಲಿ ಹೇಳು ಎಂದರು. ಹೋದೆ. ಮೈಕಲ್ಲಿ ಕರೆದದ್ದು ಡಾಕ್ಟರಲ್ಲ, ನಾನು, ಸೂಜಿ ದನದ್ದು, ದಯವಿಟ್ಟು ತೋರಿಸಿಕೊಳ್ಳಿ ಎಂದು ಗಂಟಲು ಹರಿಯುವ ತನಕ ಕೂಗಿದೆ. ಹೆಂಗಸರು ಬಾಗಿಲಿಗೆ ಬಂದು ನಕ್ಕರು. ಇದು ಯಾರ ದನಿ, ಚೆನ್ನಾಗಿಲ್ಲ, ಬೇರೆ ಮಾಡು ಎಂದರು.

ಒಂದು ಬೆಳಿಗ್ಗೆ ಡಾಕ್ಟರು ಆಸ್ಪತ್ರೆಯ ಮೇಡಂ ಮತ್ತು ಆರೋಗ್ಯ ಇಲಾಖೆಯವರ ಜೊತೆ ನಮ್ಮ ಡೈರಿಯ ಮುಂದೆ ಬಂದರು. ಹಾಲು ಹಾಕಲು ಎಲ್ಲರೂ ಸೇರುವ ಹೊತ್ತು. ಮೇಜಿನ ಮೇಲೆ ಮೂತ್ರಕ್ಕೆಂದು ಮುಚ್ಚಳದ ಡಬ್ಬಿಗಳನ್ನು ಜೋಡಿಸಿಟ್ಟರು. ಒಬ್ಬಳೂ ಮುಟ್ಟಲಿಲ್ಲ. ನೋವು ಹೋಗಿದೆ, ಅದನ್ನು ನಿಲ್ಲಿಸಿ ನಮಗೇನು ಕೊಡುತ್ತೀರಿ ಎಂದು ಒಬ್ಬಳು ಕೇಳಿದಳು. ಅದು ನ್ಯಾಯವಾದ ಪ್ರಶ್ನೆಯೇ. ಮಂಡಿಗೆ ಸರಿಯಾದ ಚಿಕಿತ್ಸೆ ಅಲ್ಲೇ ಕೊಡುತ್ತೇವೆ ಎಂದು ಮೇಡಂ ಹೇಳಿದರೂ ಕ್ಯಾನು ಹಿಡಿದ ಕೈಗಳು ಕದಲಲಿಲ್ಲ.

ಆ ದಿನ ಆಮೇಲೆ ಡಬ್ಬಿಗಳು ತುಂಬಿದವು, ಲ್ಯಾಬಿನಿಂದ ಬಂದ ವರದಿಯಲ್ಲಿ ಹೆಚ್ಚಿನವರ ಮೈಯಲ್ಲೂ ಬಾಟಲಿಯಲ್ಲೂ ಒಂದೇ ಔಷಧ ಸಿಕ್ಕಿತು, ಎಲ್ಲರಿಗೂ ಮಾತ್ರೆ ಕೊಟ್ಟು ನಿಧಾನಕ್ಕೆ ಇಳಿಸಿದರು, ಮತ್ತೆ ಯಾರೂ ಬೀಳಲಿಲ್ಲ. ದೊಡ್ಡಮ್ಮನ ಕೆನ್ನೆ ಮತ್ತೆ ಒಣಗಿದೆ, ಅದಕ್ಕೆ ಇವತ್ತಿಗೂ ನನ್ನನ್ನೇ ಬೈಯುತ್ತಾಳೆ. ಅಷ್ಟೂ ನಡೆದದ್ದು ಡಾಕ್ಟರ ಒಂದು ಮಾತಿನಿಂದ, ಆ ಮಾತು ನಾನು ಎಷ್ಟು ಸಲ ಒಬ್ಬನೇ ಕೂತು ಅವರ ದನಿಯಲ್ಲಿ ಹೇಳಲು ಪ್ರಯತ್ನಿಸಿದರೂ ಬಂದಿಲ್ಲ.

ಡಬ್ಬಿಗಳು ಖಾಲಿ ಇದ್ದಾಗಲೇ ಸೂಜಿಯವನು ಬಂದ. ಓಡಿಹೋಗಿಲ್ಲವೆಂದು ತೋರಿಸಲು ನಮ್ಮ ಕಡೆಯ ಒಬ್ಬ ಮುಖಂಡನ ಕಾರಿನಲ್ಲಿ ಬಂದಿದ್ದ. ಬಿಳಿ ಕೋಟಿಗೆ ಇಸ್ತ್ರಿ ಮಾಡಿಸಿದ್ದ. ಮುಖಂಡ ಕಂಪ್ಲೇಂಟ್ ಕೊಟ್ಟವರು ಯಾರು, ಕೈ ಎತ್ತಿ ಎಂದ. ಯಾರೂ ಎತ್ತಲಿಲ್ಲ. ಸೂಜಿಯವನು ನಗುತ್ತಾ ಡಾಕ್ಟರ ಎದುರು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದ.

“ನೀವು ದನದ ಡಾಕ್ಟ್ರು ಸಾ. ದನ ನೋಡ್ಕೊಳಿ. ಮನುಷ್ಯರ ವಿಷ್ಯ ನಿಮಗ್ಯಾಕೆ?”

ಡಾಕ್ಟರು ಕೆಮ್ಮಲಿಲ್ಲ, ಗದರಲಿಲ್ಲ.

“ದನದ ಡಾಕ್ಟ್ರೇ ಕಣಯ್ಯ ನಾನು. ಹಸುಗೆ ಈ ಸೂಜಿ ಹಾಕೋಕೆ ಮುಂಚೆ ಗಬ್ಬವಾ ಅಂತ ಕೇಳ್ತೀನಿ. ಹಾಕಾದ್ಮೇಲೆ ಇಷ್ಟು ದಿನ ಹಾಲು ಡೈರಿಗೆ ಹಾಕ್ಬೇಡಿ ಅಂತ ಹೇಳ್ತೀನಿ. ಅದ್ರ ಕಿವಿ ನಂಬರು ಬುಕ್ಕಲ್ಲಿ ಬರ್ದು ಸೈನ್ ಹಾಕ್ತೀನಿ. ಇವ್ರನ್ನ ನೀನು ದನದಂಗಾದ್ರೂ ನೋಡಿದ್ಯಾ?”